ಮನಸ್ಸು ಕುಗ್ಗಿದೆಯೇ? ಹತ್ತು ನಿಮಿಷದಿಂದ ಶುರು ಮಾಡಿ

ಹಾಸಿಗೆಯಿಂದ ಏಳುವುದೇ ಕಷ್ಟವಾದವರಿಗೆ ‘ಸ್ವಲ್ಪ ವಾಕಿಂಗ್ ಮಾಡು, ಸರಿಹೋಗುತ್ತೆ’ ಎಂದರೆ ಆ ಮಾತು ಚುಚ್ಚುತ್ತದೆ. ಆದರೂ ಖಿನ್ನತೆ, ಆತಂಕಗಳಿಗೆ ನಡಿಗೆ ನೆರವಾಗುವುದು ನಿಜ. ಶುರು ಮಾಡುವ ರೀತಿ ಗೊತ್ತಿರಬೇಕು.

1. ಗುರಿ ಚಿಕ್ಕದಿರಲಿ. ವಾರಕ್ಕೆ 150ರಿಂದ 300 ನಿಮಿಷ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೇಳಿದರೇ ಸುಸ್ತು, ಅಲ್ವಾ? ಆದರೆ 15 ಅಧ್ಯಯನಗಳನ್ನು ಒಟ್ಟುಗೂಡಿಸಿದ 2022ರ ಲೆಕ್ಕ ಧೈರ್ಯ ಕೊಡುತ್ತದೆ. ವಾರಕ್ಕೆ ಎರಡೂವರೆ ಗಂಟೆ ಬಿರುಸಾಗಿ ನಡೆಯುವಷ್ಟು ಚಟುವಟಿಕೆ ಇದ್ದವರಿಗೆ, ಏನೂ ಮಾಡದವರಿಗಿಂತ ಖಿನ್ನತೆಯ ಅಪಾಯ ಶೇ 25 ಕಡಿಮೆ ಇತ್ತು. ಅದರಲ್ಲಿ ಅರ್ಧ ಮಾಡಿದವರಿಗೂ ಶೇ 18 ಕಡಿಮೆ! ಮನಸ್ಸು ಚೆನ್ನಾಗಿರುವವರೇ ಜಾಸ್ತಿ ನಡೆಯುತ್ತಾರೆ ಎಂಬುದೂ ಇದರಲ್ಲಿ ಸೇರಿರಬಹುದು. ಆದರೆ ಖಿನ್ನತೆ ಇದ್ದವರಿಗೇ ವ್ಯಾಯಾಮ ಮಾಡಿಸಿ ನೋಡಿದ ಪ್ರಯೋಗಗಳಲ್ಲೂ ನಡಿಗೆ, ಯೋಗ, ಭಾರ ಎತ್ತುವುದು ನೆರವಾಗಿವೆ.

2. ಹೊತ್ತು, ಜಾಗ ಗೊತ್ತುಮಾಡಿ. ಮನಸ್ಸಾದಾಗ ಹೋಗೋಣ ಎಂದು ಕೂತರೆ ಆಗದು. ಖಿನ್ನತೆಯಲ್ಲಿ ಮನಸ್ಸಾಗುವುದೇ ಇಲ್ಲ. ಮುಂಬಯಿಯಲ್ಲಿ ಮಾಟುಂಗಾದವರಿಗೆ ಫೈವ್ ಗಾರ್ಡನ್ಸ್ ಇದೆ, ದಾದರಿನವರಿಗೆ ಶಿವಾಜಿ ಪಾರ್ಕ್. ಡೊಂಬಿವಲಿಯವರು ಲೋಕಲ್ ರೈಲು ಇಳಿದ ಮೇಲೆ ರಿಕ್ಷಾ ಬಿಟ್ಟು ನಡೆಯಬಹುದು. ಮಳೆಗಾಲಕ್ಕೆ ಬಿಲ್ಡಿಂಗಿನ ಮೆಟ್ಟಿಲೇ ಸಾಕು.

‘ಹೋಟೆಲಲ್ಲಿ ದಿನವಿಡೀ ನಿಂತೇ ಇರ್ತೀವಿ, ಇನ್ನೇನು ವ್ಯಾಯಾಮ?’ ಎಂದು ನಮ್ಮವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಅಧ್ಯಯನಗಳಲ್ಲಿ ಮನಸ್ಸಿಗೆ ಒಳ್ಳೆಯದಾಗಿ ಕಂಡಿರುವುದು ಬಿಡುವಿನ ಚಟುವಟಿಕೆ. ಕೆಲಸದ ದುಡಿತದಲ್ಲಿ ಆ ಲಾಭ ಕಂಡಿಲ್ಲ. ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದ ಮೇಲೆ, ಯಾರ ಆರ್ಡರೂ ಇಲ್ಲದ ಹತ್ತು ನಿಮಿಷ ನಿಮಗಾಗಿ ನಡೆಯಿರಿ. ಮಾಲೀಕರೂ ಇದಕ್ಕೆ ಬಿಡುವು ಕೊಡಬೇಕು.

3. ಎದೆ ಬಡಿತಕ್ಕೆ ಹೆದರಬೇಡಿ. ಆತಂಕದಲ್ಲಿ ಎದೆ ಡವಗುಟ್ಟುತ್ತದೆ, ಉಸಿರು ಏರುತ್ತದೆ. ಬಿರುಸಾಗಿ ನಡೆದಾಗಲೂ ಹಾಗೇ ಆಗುತ್ತದೆ. ಅದಕ್ಕೇ ಕೆಲವರು ಮೊದಲ ದಿನವೇ ಗಾಬರಿಯಾಗಿ ಬಿಟ್ಟುಬಿಡುತ್ತಾರೆ. ನಿಧಾನವಾಗಿ ಶುರು ಮಾಡಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ದಿನ ಕಳೆದಂತೆ ಎದೆ ಬಡಿದರೆಲ್ಲ ಅಪಾಯವಲ್ಲ ಎಂಬುದು ರೂಢಿಯಾಗುತ್ತದೆ. ಎದೆನೋವು, ತಲೆಸುತ್ತು ಬಂದರೆ ಮಾತ್ರ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

4. ಔಷಧ ಬಿಡಬೇಡಿ. ನಡಿಗೆ ಶುರುವಾಯಿತೆಂದು ಮಾತ್ರೆ ನಿಲ್ಲಿಸುವುದು ತಪ್ಪು. ಬೇಸರ ಎರಡು ವಾರವಾದರೂ ಹೋಗದಿದ್ದರೆ ಡಾಕ್ಟರನ್ನು ಕಾಣಿ. ಸಾಯುವ ಯೋಚನೆ ಬಂದರೆ ಆ ಕ್ಷಣವೇ ಮನೆಯವರಿಗೆ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.