ಪಿಸ್ಟನ್ ಪೆನ್ನನ್ನು ಒಳಗಿನಿಂದ ಕಡೆಯಬೇಕು

ನಾನು ಮಾಡಿದ ಮೊದಲ ಪಿಸ್ಟನ್ ಪೆನ್ನಿಗೆ ಇಂಕ್ ತುಂಬಬೇಕಾದರೆ ಹಿಂದಿನ ಗುಂಡಿಯನ್ನು 36 ಸುತ್ತು ತಿರುಗಿಸಬೇಕಿತ್ತು. ಇಳಿಸೋಕೆ 36, ಮತ್ತೆ ಏರಿಸೋಕೆ 36. ಅದನ್ನು ನೋಡಿ ನನ್ನ ಹೆಂಡತಿ, "ಏನ್ರೀ, ಗಡಿಯಾರಕ್ಕೆ ಕೀ ಕೊಡ್ತಿದ್ದೀರಾ?" ಅಂದಳು. ಎರಡನೆಯದು ಸೋರಿ ಅಂಗಿ ಜೇಬು ನೀಲಿಯಾಯಿತು. ಮೂರನೆಯದು ಈಗ ನನ್ನ ಕೈಯಲ್ಲಿದೆ, ಇದರ ಕರಡು ಬರೆದದ್ದು ಅದರಲ್ಲೇ. ಮೂರರಲ್ಲೂ ಹೊರಗಿನ ಆಕಾರ ಒಂದೇ. ಬದಲಾದದ್ದೆಲ್ಲ ಒಳಗೆ.

ಪಿಸ್ಟನ್ ಪೆನ್ನು ಅಂದರೆ ಒಂದು ಸಿರಿಂಜ್, ಅಷ್ಟೇ. ಸಿರಿಂಜನ್ನು ಒತ್ತುತ್ತೇವೆ, ಇದನ್ನು ತಿರುಗಿಸುತ್ತೇವೆ. ಗುಂಡಿ ಇದ್ದಲ್ಲೇ ತಿರುಗುತ್ತದೆ. ಅದಕ್ಕೆ ಅಂಟಿಕೊಂಡ ತಿರುಪು ಒಂದು ಟೊಳ್ಳು ರಾಡಿನೊಳಗೆ ತಿರುಗುತ್ತದೆ. ರಾಡ್ ತಿರುಗದ ಹಾಗೆ ತಡೆದರೆ ಅದು ಮುಂದೆ ಹೋಗಬೇಕು, ಇಲ್ಲ ಹಿಂದೆ ಬರಬೇಕು, ಬೇರೆ ದಾರಿಯಿಲ್ಲ. ಪೆಲಿಕಾನ್ ಕಂಪನಿ 1929ರಲ್ಲಿ ತನ್ನ ಮೊದಲ ಪಿಸ್ಟನ್ ಪೆನ್ನು ತಂದಾಗ ಥಿಯೋಡೋರ್ ಕೋವಾಚ್ ಎಂಬ ಎಂಜಿನಿಯರ್ ಇದಕ್ಕಿಂತ ಜಾಣ ಉಪಾಯ ಕೊಟ್ಟಿದ್ದ. ಒಂದೇ ಸುತ್ತಿಗೆ ಎರಡು ಥ್ರೆಡ್‌ಗಳು (ತಿರುಪಿನ ಸುತ್ತುಗೆರೆಗಳು) ಒಟ್ಟಿಗೆ ಕೆಲಸ ಮಾಡುವ ಹಾಗೆ. ನನ್ನ ಸಣ್ಣ ಲೇತಿಗೆ ಅದು ಜಾಸ್ತಿಯಾಯಿತು. ಇಲ್ಲಿ ಹೇಳುತ್ತಿರುವುದು ಸರಳವಾದದ್ದು.

ಬ್ಯಾರೆಲ್‌ಗೆ, ಅಂದರೆ ಇಂಕ್ ತುಂಬುವ ಪೆನ್ನಿನ ಮೈಗೆ, ಎಬೊನೈಟ್ (ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್) ಚೆನ್ನ. ಕೈಗೆ ಹಿತ, ಕೈಯ ಬಿಸಿಯನ್ನು ಬೇಗ ಒಳಗೆ ಬಿಡುವುದಿಲ್ಲ. ಕಡೆಯುವಾಗ ಗಂಧಕದ ವಾಸನೆ ಹೊಡೆಯುತ್ತದೆ, ಅದನ್ನು ಸಹಿಸಬೇಕು. ಆದರೂ ಮೊದಲ ಪೆನ್ನನ್ನು ಪಾರದರ್ಶಕ ಅಕ್ರಿಲಿಕ್‌ನಲ್ಲಿ ಮಾಡಿ. ತಪ್ಪಾದಾಗ ಎಲ್ಲಿ ತಪ್ಪಾಯಿತು ಅಂತ ಕಣ್ಣಿಗೆ ಕಾಣಬೇಕಲ್ವಾ? ರಾಡ್ ಮತ್ತು ಪಿಸ್ಟನ್ ತಲೆಗೆ ಡೆಲ್ರಿನ್ ಎಂಬ ಪ್ಲಾಸ್ಟಿಕ್. ಅದು ತಾನಾಗಿಯೇ ಜಾರುತ್ತದೆ, ನೀರು ಹೀರುವುದೂ ತೀರಾ ಕಡಿಮೆ. ತಿರುಪಿಗೆ ಹಿತ್ತಾಳೆ. ಅದು ಸೀಲಿನ (ಇಂಕ್ ತಡೆಯುವ ರಬ್ಬರ್ ಉಂಗುರಗಳ) ಹಿಂದೆ ಇರುವುದರಿಂದ ಇಂಕ್ ತಾಗುವುದಿಲ್ಲ.

ಈಗ ತೂತು. ಪೆನ್ನಿನ ಜೀವ ಇರುವುದು ಇಲ್ಲಿ. ಬ್ಯಾರೆಲ್‌ನ ಒಳ ವ್ಯಾಸ 8 ಮಿ.ಮೀ., ಪಿಸ್ಟನ್ ಓಡುವ ದೂರ 25 ಮಿ.ಮೀ. ಲೆಕ್ಕ ಹಾಕಿದರೆ ಸುಮಾರು 1.25 ಮಿ.ಲೀ. ಇಂಕ್. ಇನ್ನೂ ದೊಡ್ಡದು ಮಾಡೋಣ ಅಂತ ಆಸೆಯಾಗುತ್ತದೆ, ಬೇಡ. ಇಂಕ್ ಖಾಲಿಯಾದಷ್ಟೂ ಒಳಗೆ ಗಾಳಿ ತುಂಬುತ್ತದೆ. ಕೈಯ ಬಿಸಿಗೆ ಆ ಗಾಳಿ ಹಿಗ್ಗಿ ನಿಬ್ಬಿನಿಂದ ಇಂಕನ್ನು ಹೊರಗೆ ತಳ್ಳುತ್ತದೆ.

ಮೊದಲು 7.8 ಮಿ.ಮೀ. ಡ್ರಿಲ್, ಆಮೇಲೆ 8 ಮಿ.ಮೀ. ರೀಮರ್ (ತೂತನ್ನು ನಿಖರ ಅಳತೆಗೆ ತರುವ ಉಪಕರಣ). ಡ್ರಿಲ್ಲನ್ನು ಒಂದೇ ಸಲ ನುಗ್ಗಿಸಬೇಡಿ. ಐದು ಮಿ.ಮೀ. ಒಳಗೆ, ಪೂರ್ತಿ ಹೊರಗೆ, ಕೊರೆದ ಸಿಪ್ಪೆ ತೆಗೆದು ಸೋಪು ನೀರಿನ ಒಂದು ಹನಿ, ಮತ್ತೆ ಒಳಗೆ. ಅಕ್ರಿಲಿಕ್ ಬಿಸಿಯಾದರೆ ಕರಗಿ ಡ್ರಿಲ್ಲಿಗೇ ಅಂಟುತ್ತದೆ. ಹೊರಗೆ ಬರುವ ಸಿಪ್ಪೆ ಸುರುಳಿ ಸುರುಳಿಯಾಗಿ ಬಂದರೆ ಸರಿ. ಅಂಟಂಟಾಗಿ, ಬಿಳಿ ಮುದ್ದೆಯಾಗಿ ಬಂದರೆ ನಿಲ್ಲಿಸಿ, ತಣಿಯಲಿ. ನನ್ನ ಎರಡನೇ ಪೆನ್ನು ಸೋರಿದ್ದು ಈ ಅವಸರದಿಂದಲೇ. ಒಳಗೋಡೆಯಲ್ಲಿ ಒಂದು ಕಡೆ ಕೂದಲೆಳೆಯಷ್ಟು ಗೀರು, ಅಷ್ಟೇ ಇದ್ದದ್ದು. ಪಿಸ್ಟನ್ ಆ ಗೀರನ್ನು ದಾಟುವಾಗಲೆಲ್ಲ ಇಂಕ್ ಹಿಂದಕ್ಕೆ ಜಿನುಗುತ್ತಿತ್ತು.

ರೀಮರ್ ಆದ ಮೇಲೂ ಗೋಡೆ ಮಂಜು ಕವಿದ ಗಾಜಿನ ಹಾಗೆ ಕಾಣುತ್ತದೆ. 7 ಮಿ.ಮೀ. ಮರದ ಕಡ್ಡಿಯ ತುದಿಯನ್ನು ಸೀಳಿ, ನೀರಲ್ಲಿ ನೆನೆಸಿದ ಎಮರಿ ಪೇಪರ್ ಸಿಕ್ಕಿಸಿ ಸುತ್ತಿ. ಪೇಪರಿನ ನಂಬರು 800, 1200, 2000, ಕೊನೆಗೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಪಾಲಿಶ್. ಕಡ್ಡಿಯನ್ನು ಬಾಯಿಯ ಹತ್ತಿರವೇ ಆಡಿಸುತ್ತಾ ಇರಬಾರದು. ಬಾಯಿ ಗಂಟೆಯ ಹಾಗೆ ಅಗಲವಾದರೆ ಸೀಲು ಅಲ್ಲಿ ಹಿಡಿಯುವುದಿಲ್ಲ. ಇನ್ನೊಂದು ಮಾತು: ಅಕ್ರಿಲಿಕ್ಕನ್ನು ಸ್ಪಿರಿಟ್‌ನಲ್ಲಿ ಒರೆಸಬೇಡಿ. ಕಡೆದ ಒತ್ತಡ ಅದರೊಳಗೆ ಉಳಿದಿರುತ್ತದೆ, ಸ್ಪಿರಿಟ್ ತಾಗಿದರೆ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ನೀರು, ಸೋಪು ಸಾಕು.

ಪಿಸ್ಟನ್ ತಲೆ 7.8 ಮಿ.ಮೀ. ದಪ್ಪ. ಅದರ ಮೇಲೆ ಸೀಲಿಗೆ ಎರಡು ಒ-ರಿಂಗ್, ಒಳ ವ್ಯಾಸ 6, ದಪ್ಪ 1 ಮಿ.ಮೀ., ನೈಟ್ರೈಲ್ ರಬ್ಬರಿನವು. ರಿಂಗ್ ಕೂರುವ ತೋಡಿನ ತಳದ ವ್ಯಾಸ 6.25, ಅಗಲ 1.3. ಈ 6.25ರಲ್ಲಿ ರಾಜಿ ಬೇಡ. 6.5 ಬಿಟ್ಟರೆ ರಿಂಗ್ ವಿಪರೀತ ಒತ್ತಿಕೊಂಡು ಗುಂಡಿ ತಿರುಗಿಸೋಕೆ ಇಕ್ಕಳ ಬೇಕಾಗುತ್ತದೆ. 6.0 ಆದರೆ ಒತ್ತಡವೇ ಇಲ್ಲ, ಸೋರುತ್ತದೆ. ಹಚ್ಚುವುದು ಸಿಲಿಕೋನ್ ಗ್ರೀಸ್ ಮಾತ್ರ. 

ಇನ್ನು ಆ 36 ಸುತ್ತಿನ ಕಥೆ. ಅಂಗಡಿಯಲ್ಲಿ ಸಿಗುವ ಎಂ4 (4 ಮಿ.ಮೀ. ದಪ್ಪದ) ತಿರುಪಿನಲ್ಲಿ ಒಂದು ಸುತ್ತಿಗೆ 0.7 ಮಿ.ಮೀ. ಮಾತ್ರ ಚಲನೆ. 25ನ್ನು 0.7ರಿಂದ ಭಾಗಿಸಿ ನೋಡಿ. ಮದ್ದು ಅಂದರೆ ಮೂರು ಎಳೆಯ ಥ್ರೆಡ್. ಜಡೆಯ ಹಾಗೆ ಮೂರು ಥ್ರೆಡ್‌ಗಳು ಪಕ್ಕಪಕ್ಕದಲ್ಲಿ ಸುತ್ತಿಕೊಂಡು ಹೋಗುತ್ತವೆ. ಆಳ ಮೊದಲಿನಷ್ಟೇ, ಒಂದು ಸುತ್ತಿಗೆ ಚಲನೆ ಮಾತ್ರ 2.1 ಮಿ.ಮೀ. ಹನ್ನೆರಡು ಸುತ್ತಿಗೆ ಕೆಲಸ ಮುಗಿಯುತ್ತದೆ.

ಲೇತಿನ ಗೇರುಗಳನ್ನು 2.1ಕ್ಕೆ ಹೊಂದಿಸಿ ಮೊದಲ ಎಳೆ ಕೊಯ್ಯಿರಿ. ಮೇಲಿನ ಸಣ್ಣ ಸ್ಲೈಡನ್ನು ಲೇತಿನ ಉದ್ದಕ್ಕೆ ನೇರ ನಿಲ್ಲಿಸಿಕೊಂಡಿರಬೇಕು. ಅದನ್ನು 0.7 ಸರಿಸಿ ಎರಡನೇ ಎಳೆ, ಇನ್ನೂ 0.7 ಸರಿಸಿ ಮೂರನೆಯದು. ನಡುವೆ ಹಾಫ್ ನಟ್ (ಟೂಲನ್ನು ಲೇತಿನ ಉದ್ದ ತಿರುಪಿಗೆ ಜೋಡಿಸುವ ಭಾಗ) ಬಿಡಿಸಬೇಡಿ. ಮೋಟಾರನ್ನು ಹಿಂದಕ್ಕೆ ತಿರುಗಿಸಿಯೇ ಟೂಲನ್ನು ವಾಪಸ್ ತನ್ನಿ. ಥ್ರೆಡ್ಡಿನ ಓರೆ ಜಾಸ್ತಿ ಇರುವುದರಿಂದ, ಟೂಲಿನ ಪಕ್ಕವನ್ನೂ ಮಾಮೂಲಿಗಿಂತ ಜಾಸ್ತಿ ಮಸೆಯಬೇಕು, ಇಲ್ಲದಿದ್ದರೆ ಉಜ್ಜುತ್ತದೆ. ಹಿತ್ತಾಳೆಗೆ ಕೈ ಹಾಕುವ ಮೊದಲು ಡೆಲ್ರಿನ್ ತುಂಡಿನ ಮೇಲೆ ಒಮ್ಮೆ ಆಡಿ ನೋಡಿ.

ರಾಡಿನೊಳಗಿನ ಥ್ರೆಡ್‌ಗೆ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊಯ್ಯುವ ಉಪಕರಣ) ಬೇಕು. ಈ ಅಳತೆಯದನ್ನು ಹುಡುಕುತ್ತಾ ಕೂರುವ ಬದಲು ನಾವೇ ಮಾಡಿಕೊಳ್ಳಬಹುದು. ಅದೇ ಹೊಂದಿಕೆಯಲ್ಲಿ ಸಿಲ್ವರ್ ಸ್ಟೀಲ್ (ಒಂದು ಬಗೆಯ ಉಕ್ಕು) ಕಡ್ಡಿಯ ಮೇಲೆ ಇದೇ ಮೂರು ಎಳೆ ಕೊಯ್ದು, ತುದಿಯನ್ನು ಸ್ವಲ್ಪ ಚೂಪು ಮಾಡಿ, ಅರದಿಂದ ಉದ್ದಕ್ಕೆ ಮೂರು ತೋಡು ತೆಗೆದರೆ ಟ್ಯಾಪ್ ಆಯಿತು. ಡೆಲ್ರಿನ್ ಮೆತ್ತಗಿರುವುದರಿಂದ ಹದ ಕೊಡದಿದ್ದರೂ ನಾಲ್ಕಾರು ರಾಡಿಗೆ ಬರುತ್ತದೆ.

ರಾಡ್ 7 ಮಿ.ಮೀ. ದಪ್ಪ, 36 ಉದ್ದ. ಪೂರ್ತಿ ಉದ್ದಕ್ಕೆ ಥ್ರೆಡ್ ಬೇಡ, ಹಿಂದಿನ 9 ಮಿ.ಮೀ. ಸಾಕು. ಅಲ್ಲಿಗೆ 3.3ರ ತೂತು ಕೊರೆದು ನಿಮ್ಮ ಟ್ಯಾಪ್ ಹಾಕಿ. ಉಳಿದ ಉದ್ದಕ್ಕೆ ಮುಂದಿನಿಂದ 4.2ರ ಡ್ರಿಲ್, ತಿರುಪು ಅದರೊಳಗೆ ಸಲೀಸಾಗಿ ಓಡಾಡುತ್ತದೆ. ನನಗೆ ಖುಷಿಯಾದದ್ದು ಏನು ಗೊತ್ತಾ? ಎಂ5 ಟ್ಯಾಪಿಗೆ ಬೇಕಾದ ತೂತೂ ಅದೇ 4.2. ಹಾಗಾಗಿ ಮುಂದಿನ ಬಾಯಿಗೆ ಎಂ5 ಹಾಕಿ, ಪಿಸ್ಟನ್ ತಲೆಯನ್ನು ಅಲ್ಲೇ ತಿರುಗಿಸಿ ಕೂರಿಸಬಹುದು.

ರಾಡ್ ಓಡಾಡುವುದು ಒಂದು ಕೊಳವೆಯೊಳಗೆ. ಆ ಕೊಳವೆ ಎಂ10, 0.75 ಥ್ರೆಡ್‌ನಲ್ಲಿ ಬ್ಯಾರೆಲ್‌ನ ಹಿಂಭಾಗಕ್ಕೆ ಕೂರುತ್ತದೆ. ರಾಡಿನ ಬೆನ್ನಿಗೆ 1 ಮಿ.ಮೀ. ಅಗಲ, 0.7 ಆಳದ ಒಂದು ಉದ್ದ ತೋಡು. ಕೊಳವೆಯ ಗೋಡೆಯಿಂದ 1 ಮಿ.ಮೀ. ಪಿನ್ನು ಇಣುಕಿ ಆ ತೋಡಿನಲ್ಲಿ ಕೂತರೆ ರಾಡ್ ತಿರುಗುವುದಿಲ್ಲ. ತಿರುಪಿನ ಹಿಂದೆ ಒಂದು ಕಾಲರ್ ಬಿಟ್ಟಿರಿ. ಅದು ಕೊಳವೆಯ ಹಿಂದಿನ ಗುಳಿಯಲ್ಲಿ ಕೂರುತ್ತದೆ, ಮೇಲೊಂದು ಥ್ರೆಡ್ ಬಳೆ ಬಿಗಿದರೆ ಅಲ್ಲಾಡದೆ ತಿರುಗುತ್ತದೆ. ಬಲಗೈ ಥ್ರೆಡ್ ಆದರೆ, ಹಿಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದಾಗ ಪಿಸ್ಟನ್ ಮೇಲೇರಿ ಇಂಕ್ ಎಳೆಯುತ್ತದೆ.

ನಿಬ್ಬು ನಾನು ಮಾಡುವುದಿಲ್ಲ, ನೀವೂ ಹೋಗಬೇಡಿ. ನಿಬ್ಬು, ಫೀಡ್ (ನಿಬ್ಬಿಗೆ ಇಂಕ್ ಹರಿಸುವ ತುಂಡು), ಹೊರಕವಚ ಸೇರಿದ ಯೂನಿಟ್ ಸಿಗುತ್ತದೆ. ಜೋವೋ ಕಂಪನಿಯ 6ನೇ ನಂಬರಿನದಾದರೆ ಹಿಡಿಕೆಗೆ (ಬೆರಳಿಡುವ ಮುಂಭಾಗಕ್ಕೆ) 7.4 ಮಿ.ಮೀ., 0.5 ಥ್ರೆಡ್‌ನ ಟ್ಯಾಪ್ ಬೇಕು. ಬೊಕ್ ಕಂಪನಿಯದು 7.5. ನೋಡೋಕೆ ಎರಡೂ ಒಂದೇ, ಒಂದರ ತೂತಿಗೆ ಇನ್ನೊಂದು ಕೂರುವುದಿಲ್ಲ. ಯೂನಿಟ್ ಕೈಗೆ ಬಂದ ಮೇಲೇ ಟ್ಯಾಪ್ ತಗೊಳ್ಳಿ. ಹಿಡಿಕೆಯನ್ನು ಬ್ಯಾರೆಲ್‌ಗೆ ಕೂರಿಸುವಾಗ ಥ್ರೆಡ್ಡಿಗೆ ಅರಗು ಹಚ್ಚಿ. ಮುಂದೆ ಬಿಚ್ಚಬೇಕಾದರೆ ಸ್ವಲ್ಪ ಬಿಸಿ ತೋರಿಸಿದರೆ ಬಿಡುತ್ತದೆ. ಸೂಪರ್ ಗ್ಲೂ ಹಾಕಿದರೆ ಆ ಪೆನ್ನು ಮತ್ತೆ ಬಿಚ್ಚಲ್ಲ.

ಕ್ಯಾಪಿಗೂ ಮೂರು ಎಳೆಯ ಥ್ರೆಡ್ಡೇ ಹಾಕುತ್ತಾರೆ. ಅದರ ಟ್ಯಾಪು, ಹೊರಗೆ ಥ್ರೆಡ್ ಕೊಯ್ಯುವ ಡೈ ಸಿದ್ಧವಾಗಿಯೇ ಸಿಗುತ್ತವೆ. ಮುಚ್ಚಿದಾಗ ನಿಬ್ಬಿನ ತುದಿಗೂ ಕ್ಯಾಪಿನ ತಳಕ್ಕೂ ಒಂದೆರಡು ಮಿ.ಮೀ. ಜಾಗ ಇರಲಿ. ಹೊರಗಿನ ಆಕಾರ ಎಲ್ಲಕ್ಕಿಂತ ಕೊನೆಗೆ, ನಿಮ್ಮ ಕೈ ಕೇಳಿದ ಹಾಗೆ.

ಹೊರಗೆ ಪಾಲಿಶ್ ಮಾಡುವ ಮೊದಲು ನೀರು ತುಂಬಿ ನೋಡಿ. ಅರ್ಧ ತುಂಬಿಸಿ, ನಿಬ್ಬು ಕೆಳಗೆ ಮಾಡಿ ಲೋಟದಲ್ಲಿ ರಾತ್ರಿಯಿಡೀ ನಿಲ್ಲಿಸಿ, ತಳಕ್ಕೆ ಟಿಶ್ಯೂ ಇರಲಿ. ಬೆಳಗ್ಗೆ ಪಿಸ್ಟನ್ನಿನ ಹಿಂದೆ ಹನಿ ಕಂಡರೆ ಒ-ರಿಂಗ್ ಇಲ್ಲವೇ ಗೋಡೆ ಸರಿಯಿಲ್ಲ. ಹಿಂದೆ ಒಣಗಿದ್ದು, ಟಿಶ್ಯೂ ಮಾತ್ರ ಒದ್ದೆಯಾಗಿದ್ದರೆ ಎಲ್ಲಿಂದಲೋ ಗಾಳಿ ಒಳಗೆ ಹೋಗುತ್ತಿದೆ. ಮೊದಲು ಹಿಡಿಕೆಯ ಜೋಡಣೆ ನೋಡಿ, ಆಮೇಲೆ ನಿಬ್ಬು ಯೂನಿಟ್ಟಿನ ಥ್ರೆಡ್. ಅಲ್ಲಿಗೆ ಚೂರು ಸಿಲಿಕೋನ್ ಗ್ರೀಸ್ ಹಚ್ಚಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಕೆಲವು ತಿಂಗಳಿಗೆ ಗುಂಡಿ ಬಿಗಿಯಾದ ಹಾಗೆ ಅನಿಸಿದರೆ ನಿಬ್ಬು ಯೂನಿಟ್ ಬಿಚ್ಚಿ, ಪಿಸ್ಟನ್ ಮೇಲೆತ್ತಿ, ಹಲ್ಲುಕಡ್ಡಿಯ ತುದಿಯಲ್ಲಿ ಸಾಸಿವೆ ಕಾಳಿಗಿಂತ ಕಡಿಮೆ ಗ್ರೀಸನ್ನು ಗೋಡೆಗೆ ಸವರಿ, ಪಿಸ್ಟನ್ನನ್ನು ನಾಲ್ಕು ಸಲ ಓಡಾಡಿಸಿ. ಜಾಸ್ತಿ ಹಾಕಿದರೆ ಗ್ರೀಸ್ ಫೀಡಿಗೆ ಇಳಿದು ಇಂಕ್ ಹರಿಯುವುದು ನಿಲ್ಲುತ್ತದೆ. ಹಾಗಾದರೆ ಫೀಡನ್ನು ಒಂದು ಹನಿ ಪಾತ್ರೆ ಸೋಪು ಬೆರೆಸಿದ ನೀರಲ್ಲಿ ನೆನೆಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ.