ಸೆಸ್ಸಾಂತ, ಸೆತ್ತಾಂತ: ಇಟಾಲಿಯನ್ ಅಂಕಿ ನಾನು ಕಲಿತ ಬಗೆ

ಮೊನ್ನೆ ಶನಿವಾರ ಇಟಲಿಯ ಟೊರಿನೊ ಊರಿನ ಪೋರ್ತ ಪಲಾತ್ಸೊ ಮಾರ್ಕೆಟ್‌ನಲ್ಲಿ ಟೊಮೆಟೊ, ಈರುಳ್ಳಿ, ಬೀನ್ಸ್, ಬದನೆಕಾಯಿ, ನಿಂಬೆಹಣ್ಣು ತಗೊಂಡೆ. ಅಂಗಡಿಯವನು ಒಂದೊಂದೇ ತೂಗಿ ಒಂದೇ ಉಸಿರಲ್ಲಿ ಬೆಲೆ ಹೇಳುತ್ತಾ ಹೋದ. ಅವನು ಒಟ್ಟು ಹೇಳುವ ಮುಂಚೆಯೇ ನಾನು 11 ಯೂರೊ 40 ಸೆಂಟ್ ಎಣಿಸಿ ಕೈಯಲ್ಲಿ ಹಿಡಿದುಕೊಂಡಿದ್ದೆ. "ಬ್ರಾವ, ಸಿಞೋರ" ಅಂದ, ಭೇಷ್ ಅಮ್ಮ ಅಂತ. ಹಿಂದೆ ನಿಂತಿದ್ದ ನಮ್ಮ ಮನೆಯವರು ಏನೂ ಮಾತಾಡಲಿಲ್ಲ. ಕನ್ನಡದಲ್ಲಿ ಬರೆದುಕೊಂಡು ಇಟಾಲಿಯನ್ ಕಲಿಯೋಕೆ ಆಗಲ್ಲ ಅಂತ ಎಲ್ಲರಿಗಿಂತ ಜಾಸ್ತಿ ಹೇಳಿದ್ದು ಅವರೇ.

ನಾವು ಟೊರಿನೊಗೆ ಬಂದಿದ್ದು 2022ರ ಕೊನೆಯಲ್ಲಿ. ಹಾಸನದಲ್ಲಿದ್ದಾಗ ಎಂಟು ವರ್ಷ ಅಕೌಂಟ್ಸ್ ಕೆಲಸ ಮಾಡಿದವಳು ನಾನು. ಅಂಕಿ ನನಗೆ ಕಷ್ಟ ಆಗುತ್ತದೆ ಅಂತ ಅಂದುಕೊಂಡೇ ಇರಲಿಲ್ಲ. ಒಂದರಿಂದ ನೂರರವರೆಗೆ ನಾಲ್ಕೇ ದಿನಕ್ಕೆ ಬಾಯಿಪಾಠ ಆಯಿತು. ಮಗ್ಗಿ ಹೇಳಿದ ಹಾಗೆ ಹೇಳುತ್ತಿದ್ದೆ. ತೊಂದರೆ ಇದ್ದದ್ದೂ ಅಲ್ಲೇ. ಯಾರಾದರೂ ನಡುವಿನಿಂದ ಒಂದು ಅಂಕಿ ಎಸೆದರೆ, ಮನಸ್ಸಿನಲ್ಲಿ ಹತ್ತರಿಂದ ಏಣಿ ಹತ್ತಿಕೊಂಡು ಅಲ್ಲಿಗೆ ಹೋಗಬೇಕಾಗುತ್ತಿತ್ತು. ಅಷ್ಟರಲ್ಲಿ ಅಂಗಡಿಯವನು ಮುಂದಿನ ಗಿರಾಕಿ ಹತ್ತಿರ ಮಾತಾಡುತ್ತಿದ್ದ.

ದುಡ್ಡು ಹೋದ ಕತೆ ಹೇಳಿಬಿಡುತ್ತೇನೆ. ಒಂದು ಖಾಸಗಿ ಕ್ಲಾಸಿಗೆ ಸೇರಿದೆ. ಎಂಟು ವಾರಕ್ಕೆ ಸುಮಾರು 280 ಯೂರೊ. ಅಂಕಿಗೆ ಕೊಟ್ಟಿದ್ದು ಒಂದೇ ದಿನ. ಆಮೇಲೆ ಕಾರ್ಡ್ ತೋರಿಸುವ ಒಂದು ಆ್ಯಪ್‌ಗೆ ವರ್ಷಕ್ಕೆ 60 ಯೂರೊ ಕಟ್ಟಿದೆ. ಅದರಲ್ಲಿ ಅಂಕಿ ಕಣ್ಣಿಗೆ ಕಾಣುತ್ತದೆ, ನಾವು ಹೆಸರು ಹೇಳಬೇಕು. ಬಜಾರಿನಲ್ಲಿ ಬೇಕಾದದ್ದು ಅದರ ಉಲ್ಟಾ ಅಲ್ವಾ? ಹೆಸರು ಕಿವಿಗೆ ಬೀಳುತ್ತದೆ, ಅಂಕಿ ನಾವು ಹಿಡಿಯಬೇಕು.

ಮೂರನೆಯ ಪೆಟ್ಟು ದೊಡ್ಡದು. ಬೆನ್ನುನೋವಿಗೆ ಒಬ್ಬ ಡಾಕ್ಟರ ಹತ್ತಿರ ಫೋನಿನಲ್ಲಿ ಟೈಮ್ ತಗೊಂಡೆ. ಅಲ್ಲಿಯ ಹುಡುಗಿ "ಆಲ್ಲೆ ಸೇದಿಚಿ" ಅಂದಳು. ಅಂದರೆ 16 ಗಂಟೆ, ನಮ್ಮ ಲೆಕ್ಕದಲ್ಲಿ ಸಂಜೆ ನಾಲ್ಕು. ನಾನು ಕೇಳಿಸಿಕೊಂಡಿದ್ದು ಸೆಯಿ, ಆರು. ಆರಕ್ಕೆ ಕಾಲು ಗಂಟೆ ಇದೆ ಅನ್ನುವಾಗ ಹೋಗಿ ನಿಂತೆ. ಮುಂಗಡ ಕಟ್ಟಿದ್ದ 90 ಯೂರೊ ವಾಪಸ್ ಬರಲಿಲ್ಲ. ಮೂರೂ ಸೇರಿ 430 ಯೂರೊ. ಆಗಿನ ರೇಟಿನಲ್ಲಿ ಮೂವತ್ತೆಂಟು ಮೂವತ್ತೊಂಬತ್ತು ಸಾವಿರ ರೂಪಾಯಿ. ಆ ರಾತ್ರಿ ಊಟ ಸೇರಲಿಲ್ಲ.

ಮಾರನೆಯ ದಿನ ಎರಡು ಯೂರೊ ಕೊಟ್ಟು ಚೌಕುಳಿ ಗೆರೆಯ ಒಂದು ನೋಟ್‌ಬುಕ್ ತಂದೆ. ಮೊದಲ ಪುಟದಲ್ಲಿ ಎಲ್ಲ ಅಂಕಿಗಳನ್ನೂ ಕನ್ನಡ ಅಕ್ಷರದಲ್ಲಿ ಬರೆದೆ. ಬರೆಯುತ್ತಾ ಬರೆಯುತ್ತಾ ಕಣ್ಣು ಬಿಟ್ಟಿತು. ಇಷ್ಟು ದಿನ ನಾನು ಅಂಕಿಗಳನ್ನು ಇಂಗ್ಲಿಷ್ ಓದಿದ ಹಾಗೆ ಓದುತ್ತಿದ್ದೆ. ಒಟೊ, ಸೆಟ್, ನೋವ್, ಡೀಸಿ. ಅವು ನಿಜವಾಗಿ ಒತ್ತೊ, ಸೆತ್ತೆ, ನೋವೆ, ದ್ಯೇಚಿ. ಇಟಾಲಿಯನ್ನರ ಟಿ, ಡಿ ನಮ್ಮ ತ, ದ. ಒತ್ತಕ್ಷರ ನಮ್ಮ ಹಾಗೇ ಒತ್ತಿ ಹೇಳುತ್ತಾರೆ. ಪದದ ಕೊನೆಯ ಸ್ವರ ನುಂಗುವುದಿಲ್ಲ. 60ಕ್ಕೆ ಸೆಸ್ಸಾಂತ, 70ಕ್ಕೆ ಸೆತ್ತಾಂತ. ಇಂಗ್ಲಿಷ್ ಅಕ್ಷರದಲ್ಲಿ ನೋಡಿದರೆ ಎರಡೂ ಒಂದೇ ತರಹ. ಕನ್ನಡದಲ್ಲಿ ಸ್ಸ ಬೇರೆ, ತ್ತ ಬೇರೆ. ಅಸ್ಸಾಂ ಅಂದರೂ ಅತ್ತೆ ಅಂದರೂ ಒಂದೇ ಅಂತ ಯಾವ ಕನ್ನಡಿಗರ ಕಿವಿಗಾದರೂ ಕೇಳುತ್ತದೆಯೇ?

ಇನ್ನೊಂದು ಸಿಕ್ಕಿತು, ಇದನ್ನು ಯಾವ ಕ್ಲಾಸಿನಲ್ಲೂ ಹೇಳಿಕೊಟ್ಟಿಲ್ಲ. 20ಕ್ಕೆ ವೆಂತಿ. 21 ವೆಂತಿಊನೊ ಅಲ್ಲ, ವೆಂತೂನೊ. 28 ವೆಂತೊತ್ತೊ. ಮುಂದೆ ಸ್ವರ ಬಂದರೆ ಹಿಂದಿನ ಸ್ವರ ಬಿದ್ದುಹೋಗುತ್ತದೆ. ಇಪ್ಪತ್ತು ಮತ್ತು ಒಂದು ಸೇರಿ ಇಪ್ಪತ್ತೊಂದು ಆದ ಹಾಗೆ. ನಮ್ಮ ಲೋಪಸಂಧಿಯೇ! ಊನೊ, ಒತ್ತೊ ಎರಡೇ ಸ್ವರದಿಂದ ಶುರುವಾಗುವುದು, ಹಾಗಾಗಿ ಅವೆರಡಕ್ಕೆ ಮಾತ್ರ ಇದು. 99ರವರೆಗೆ ಕಣ್ಣು ಮುಚ್ಚಿ ನಂಬಬಹುದು. ನೂರು ದಾಟಿದ ಮೇಲೆ ಹಾಗೆ ನಂಬೋಕೆ ಆಗಲ್ಲ, 101 ಚೆಂತೊಊನೊ ಅಂತ ಹಾಗೇ ಉಳಿಯುತ್ತದೆ.

ಇಷ್ಟಾದ ಮೇಲೆ ನೋಟ್‌ಬುಕ್ ಹಿಡಿದು ಮಾರ್ಕೆಟ್‌ಗೆ ಹೋದೆ. ಕಟ್ಟುನಿಟ್ಟು ಒಂದೇ: ಬೆಲೆಯ ಬೋರ್ಡ್ ನೋಡಬಾರದು, ತೂಕದ ಮಷಿನ್ ನೋಡಬಾರದು. ಕಿವಿಗೆ ಬಿದ್ದದ್ದನ್ನು ಆ ಕ್ಷಣವೇ ಅಂಕಿಯಲ್ಲಿ ಬರೆಯಬೇಕು. ನಡುವೆ ಅರವತ್ತು ಎಪ್ಪತ್ತು ಅಂತ ಕನ್ನಡಕ್ಕೂ ತಿರುಗಿಸಬಾರದು. ಆಮೇಲೆ ಸ್ಕೊಂತ್ರೀನೊ, ಅಂದರೆ ಬಿಲ್ ನೋಡಿ ಸರಿ ತಪ್ಪು ಹಾಕಬೇಕು. ಕ್ಯೂನಲ್ಲಿ ಮುಂದೆ ನಿಂತವರಿಗೆ ಹೇಳಿದ ಬೆಲೆಯನ್ನೂ ಬರೆದುಕೊಳ್ಳುತ್ತಿದ್ದೆ, ಬರೆದಾದ ಮೇಲೆ ಮಷಿನ್ ನೋಡುತ್ತಿದ್ದೆ. ದಿನಕ್ಕೆ ಮೂವತ್ತು ಅಂಕಿ ಅಂತ ಗುರಿ. ಮೊದಲ ವಾರ ಮೂವತ್ತಕ್ಕೆ ಹದಿಮೂರು ತಪ್ಪು. ಅದರಲ್ಲಿ ಎಂಟು ಈ ಸೆಸ್ಸಾಂತ ಸೆತ್ತಾಂತ ಜೋಡಿಯದ್ದೇ. ಇಲ್ಲಿ 3.60 ಅನ್ನು "ತ್ರೆ ಎ ಸೆಸ್ಸಾಂತ" ಅನ್ನುತ್ತಾರೆ. ಯೂರೊ ಅನ್ನುವ ಮಾತೇ ಇಲ್ಲ, ಸೆಂಟ್ ಅನ್ನುವ ಮಾತೂ ಇಲ್ಲ. ಕಿವಿ ಹಿಡಿದುಕೊಳ್ಳೋಕೆ ಏನೂ ಸಿಗುವುದಿಲ್ಲ.

ಮೂರನೇ ವಾರ ಬೀನ್ಸ್ ಮಾರುವವನು ನನ್ನ ನೋಟ್‌ಬುಕ್ ಬಗ್ಗಿ ನೋಡಿದ. "ಕೋಸ ಸ್ಕ್ರೀವಿ?" ಏನು ಬರೀತಿದ್ದೀಯ ಅಂತ. ತೋರಿಸಿದೆ. ಕನ್ನಡ ಅಕ್ಷರದ ಮೇಲೆ ಮಣ್ಣಾದ ಬೆರಳಿಟ್ಟು, ಇದು ಹೂವಿನ ಬಳ್ಳಿ ಇದ್ದ ಹಾಗಿದೆ ಅಂದ. ಅವತ್ತಿನಿಂದ ನನಗೆ ನಿಧಾನವಾಗಿ ಬಿಡಿಸಿ ಬಿಡಿಸಿ ಹೇಳೋಕೆ ಶುರು ಮಾಡಿದ. ಬೇಡ, ಬೇರೆಯವರಿಗೆ ಹೇಳುವಷ್ಟೇ ವೇಗವಾಗಿ ಹೇಳು ಅಂತ ನಾನೇ ಬೇಡಿಕೊಂಡೆ. ಇದು ಮುಖ್ಯ. ನಿಧಾನ ಕೇಳಿ ಕಲಿತರೆ ನಿಧಾನ ಹೇಳುವವರು ಮಾತ್ರ ಅರ್ಥ ಆಗುತ್ತಾರೆ.

ಇದನ್ನು ರೈಲ್ವೆ ಸ್ಟೇಷನ್ನಿನಲ್ಲೂ ಪರೀಕ್ಷೆ ಮಾಡಿದೆ. ಪೋರ್ತ ನ್ವೋವದಲ್ಲಿ ಅರ್ಧ ಗಂಟೆ ಬೆಂಚಿನ ಮೇಲೆ ಕೂತು, ಅನೌನ್ಸ್‌ಮೆಂಟ್ ಕೇಳಿ ಪ್ಲಾಟ್‌ಫಾರ್ಮ್, ಹೊರಡುವ ಸಮಯ ಬರೆದುಕೊಂಡೆ. ಮೂವತ್ತಕ್ಕೆ ಇಪ್ಪತ್ತೆಂಟು ಸರಿ. ಖುಷಿಯಿಂದ ಸೀದಾ ಮಾರ್ಕೆಟ್‌ಗೆ ಬಂದರೆ ಅರ್ಧಕ್ಕರ್ಧ ತಪ್ಪು. ರೆಕಾರ್ಡ್ ಮಾಡಿದ ಧ್ವನಿ ತುಂಬಾ ಸ್ವಚ್ಛ. ಮನುಷ್ಯರು ಹಾಗೆ ಮಾತಾಡುವುದಿಲ್ಲ. ಆ ಪ್ರಯೋಗ ಅಲ್ಲಿಗೇ ಬಿಟ್ಟೆ. ಮಗ್ಗಿಯನ್ನು ಇಟಾಲಿಯನ್‌ನಲ್ಲಿ ಹೇಳಿಯೂ ನೋಡಿದೆ, ದೂಎ ಪೆರ್ ದೂಎ ಕ್ವಾತ್ತ್ರೊ ಅಂತ. ರಾಗ ಬಂತು, ಉಪಯೋಗ ಏನೂ ಆಗಲಿಲ್ಲ. ಕುಕ್ಕರ್ ಸೀಟಿಯನ್ನು ಇಟಾಲಿಯನ್‌ನಲ್ಲಿ ಎಣಿಸುವುದು ಮಾತ್ರ ಈಗಲೂ ನಡೆದಿದೆ.

ಒಂದು ಅಡ್ಡ ಮಾತು. ಈ ಊರಿನಲ್ಲಿ ಚಿಂಕ್ವೆಚೆಂತೊ ಅಂದರೆ ಮೊದಲು ನೆನಪಾಗುವುದು ಇಲ್ಲಿಯದೇ ಕಂಪನಿ ಫಿಯಟ್‌ನ 500 ಕಾರು. ಮ್ಯೂಸಿಯಂನಲ್ಲಿ ಗೈಡ್ ಒಂದು ಚಿತ್ರ ತೋರಿಸಿ ಅದೇ ಪದ ಹೇಳಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ಇಸವಿ 500 ಅಂತಲೂ ಅಲ್ಲ. 1500ರಿಂದ ಶುರುವಾದ ಶತಮಾನಕ್ಕೆ ಮೊದಲಿನ ಸಾವಿರವನ್ನು ಬಿಟ್ಟು ಹಾಗೆ ಅನ್ನುತ್ತಾರೆ. ಮ್ಯೂಸಿಯಂಗೆ ಹೋಗುವವರು ನೆನಪಿಟ್ಟುಕೊಳ್ಳಿ. ನಮ್ಮ ಲಕ್ಷಕ್ಕೆ ಇಲ್ಲಿ ಬೇರೆ ಪದ ಇಲ್ಲ, ಚೆಂತೊಮೀಲ, ನೂರು ಸಾವಿರ. ಮನೆ ರೇಟ್ ಕೇಳುವಾಗ ನಾನು ಈಗಲೂ ಒಂದು ಕ್ಷಣ ನಿಲ್ಲುತ್ತೇನೆ.

ಆರು ವಾರ ಆದಾಗ ಮೂವತ್ತಕ್ಕೆ ಎರಡು ತಪ್ಪು. ಮೂರು ತಿಂಗಳಿಗೆ ನೋಟ್‌ಬುಕ್ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದೆ. ಈಗ ಇಲ್ಲಿ ಓದುವ ನಮ್ಮ ಕಡೆಯ ನಾಲ್ಕು ಹುಡುಗರು ಭಾನುವಾರ ಮನೆಗೆ ಬರುತ್ತಾರೆ. ಒಬ್ಬ ಐದೇ ವಾರಕ್ಕೆ ನನ್ನ ಮಟ್ಟಕ್ಕೆ ಬಂದ. ಫೋನ್ ನಂಬರ್ ಒಂದೇ ಸಲಕ್ಕೆ ಹಿಡಿಯೋಕೆ ನನ್ನದೇ ಒಂದು ಉಪಾಯ ಇದೆ. ಅದನ್ನು ಅವರಿಗೆ ಎದುರು ಕೂರಿಸಿಕೊಂಡೇ ಹೇಳಿಕೊಡುವುದು, ಬರೆದು ಕೊಡುವುದಿಲ್ಲ.

ನಮ್ಮ ಮೇಲಿನ ಮನೆಯ ಅಜ್ಜಿ ನೇಪಲ್ಸ್ ಕಡೆಯವರು. ಗಂಡನ ಫ್ಯಾಕ್ಟರಿ ಕೆಲಸಕ್ಕೆ ಅರವತ್ತರ ದಶಕದಲ್ಲಿ ಇಲ್ಲಿಗೆ ಬಂದವರು. ಕ್ರಿಸ್‌ಮಸ್‌ಗೆ ಅವರ ಮನೆಯಲ್ಲಿ ತೋಂಬೊಲ ಆಡುತ್ತಾರೆ. ನಮ್ಮ ಹೌಸಿ ಇದ್ದ ಹಾಗೆ, 90 ಅಂಕಿ. ಅವರ ಊರಿನಲ್ಲಿ ಪ್ರತಿ ಅಂಕಿಗೂ ಒಂದು ಅರ್ಥ ಇದೆ. 22 ಹುಚ್ಚ, 77 ಹೆಂಗಸರ ಕಾಲು, 90 ಭಯ. ಮೊದಲ ವರ್ಷ ಅಜ್ಜಿ ಕೂಗುವಷ್ಟರಲ್ಲಿ ನನ್ನ ಕಾರ್ಡ್ ಖಾಲಿಯೇ ಉಳಿಯುತ್ತಿತ್ತು, ಮೊಮ್ಮಗ ಬೆರಳಿಟ್ಟು ತೋರಿಸುತ್ತಿದ್ದ. ಕಳೆದ ಕ್ರಿಸ್‌ಮಸ್‌ಗೆ ಅಜ್ಜಿಗೆ ಕೆಮ್ಮು. ಅಂಕಿಗಳ ಚೀಲ ಎತ್ತಿ ನನ್ನ ಮಡಿಲಿಗೆ ಹಾಕಿದರು. ಕೈ ಹಾಕಿ ಮೊದಲ ಬಿಲ್ಲೆ ತೆಗೆದೆ. "ಸೆತ್ತಾಂತಸೆತ್ತೆ!" ಅಂತ ಕೂಗಿದೆ. ಇಡೀ ಮನೆ "ಲೆ ಗಾಂಬೆ!" ಅಂತ ತಿರುಗಿ ಕೂಗಿತು.