ಕರಿದ ಮೀನಿಗೆ ವೈನ್: ಮಸಾಲೆ ನೋಡಿ ಆರಿಸಿದ ನನ್ನ ಅನುಭವ

ಬಳ್ಳಾರಿಗೆ ಕಡಲ ಮೀನು ಬರುವುದು ಮಂಜುಗಡ್ಡೆ ತುಂಬಿದ ಪೆಟ್ಟಿಗೆಗಳಲ್ಲಿ. ಹಾಗೆ ಬಂದ ಅಂಜಲ್ ಮತ್ತು ಸಿಗಡಿಯನ್ನು ಭಾನುವಾರ ಮನೆಯಲ್ಲಿ ಕರಿದು, ಜೊತೆಗೆ ಒಂದು ಬಾಟಲಿ ವೈನ್ ತೆರೆಯುವ ರೂಢಿ ನನಗಿದೆ. ಮೊದಮೊದಲು ಕೆಂಪು ವೈನನ್ನೇ ತರುತ್ತಿದ್ದೆ. ಕ್ಯಾಬರ್ನೆ ಸುವಿನ್ಯೋನ್ ಎಂಬ ಕೆಂಪು ವೈನ್ ಗುಟುಕರಿಸಿ ಅಂಜಲ್ ತಿಂದರೆ ಕಬ್ಬಿಣ ನೆಕ್ಕಿದಂತಹ ರುಚಿಯೂ ಹಸಿ ಮೀನಿನ ವಾಸನೆಯೂ ಬಾಯಲ್ಲಿ ಉಳಿಯುತ್ತಿದ್ದವು. ಮೀನೇ ಕೆಟ್ಟಿದೆಯೆಂದು ಎರಡು ಸಲ ಅಂಗಡಿ ಬದಲಿಸಿದೆ. ವೈನಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದಷ್ಟೂ ಸಮುದ್ರಾಹಾರದೊಡನೆ ಆ ವಾಸನೆ ಏಳುತ್ತದೆಂದು ಜಪಾನಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ್ದನ್ನು ಓದಿದ ಮೇಲೆಯೇ ನನಗೆ ಕಾರಣ ತಿಳಿದದ್ದು.

ಬಿಳಿ ವೈನಿಗೆ ಬಂದ ಮೇಲೂ ಕೆಲಸ ಸುಲಭವಾಗಲಿಲ್ಲ. ನೆರೆಯ ಕೊಪ್ಪಳ ಜಿಲ್ಲೆಯಲ್ಲೇ ಬೆಳೆಯುವ ಸುವಿನ್ಯೋನ್ ಬ್ಲಾಂ ಎಂಬ ಬಿಳಿ ದ್ರಾಕ್ಷಿಯ ವೈನ್ ಒಂದು ವಾರ ಅಮೃತದಂತಿದ್ದರೆ, ಮರುವಾರ ಅದೇ ಮೀನಿನೊಡನೆ ಗಂಟಲು ಸುಟ್ಟಿತು. ಹಾಗಾಗಿ ಒಂದೇ ಅಂಜಲ್ಲಿನ ಹೋಳುಗಳಲ್ಲಿ ಅರ್ಧಕ್ಕೆ ಉಪ್ಪು, ಅರಿಸಿನ, ರವೆ ಮಾತ್ರ ಹಚ್ಚಿ, ಉಳಿದರ್ಧಕ್ಕೆ ನಮ್ಮ ಸೀಮೆಯಲ್ಲಿ ಬೆಳೆಯುವ ಗುಂಟೂರು ತಳಿಯ ಮೆಣಸಿನಕಾಯಿಯ ಖಾರ ಮೆತ್ತಿ ಕರಿದು, ಎರಡನ್ನೂ ಎರಡೆರಡು ವೈನಿನೊಡನೆ ತಿಂದು ನೋಡಿದೆ. ರವೆಯ ಹೋಳಿಗೆ ಸುವಿನ್ಯೋನ್ ಬ್ಲಾಂನ ಹುಳಿ ನಿಂಬೆಹಣ್ಣಿನಂತೆ ಒದಗಿ, ನಾಲಿಗೆಗೆ ಅಂಟಿದ ಎಣ್ಣೆಯ ಜಿಡ್ಡನ್ನು ತೊಳೆಯಿತು. ಖಾರದ ಹೋಳಿನೊಡನೆ ಮಾತ್ರ ಅದರ ಹುಳಿಯೂ ಆಲ್ಕೋಹಾಲೂ ಸೇರಿ ಉರಿಯನ್ನು ಹೆಚ್ಚಿಸಿದವು. ಅಲ್ಲಿ ಉರಿ ತಗ್ಗಿಸಿದ್ದು ತುಸು ಸಿಹಿಯಿದ್ದ ನಾಸಿಕದ ಶೆನಿನ್ ಬ್ಲಾಂ ಎಂಬ ಇನ್ನೊಂದು ಬಿಳಿ ವೈನ್. ವೈನನ್ನು ನಿರ್ಧರಿಸುವುದು ಮೀನಲ್ಲ, ಮಸಾಲೆ ಎಂದು ಅಂದು ನನಗೆ ಖಚಿತವಾಯಿತು.

ಹಿಟ್ಟಿನಲ್ಲಿ ಅದ್ದಿ ಕರಿದ ಸಿಗಡಿಗೆ ಸಿಹಿಯಿಲ್ಲದ, ನೊರೆಯುಕ್ಕುವ ಸ್ಪಾರ್ಕ್ಲಿಂಗ್ ವೈನನ್ನೇ ಆರಿಸುತ್ತೇನೆ. ಹಿಟ್ಟಿನ ಪದರ ಎಣ್ಣೆಯನ್ನು ಹಿಡಿದಿಡುವುದರಿಂದ, ಗುಳ್ಳೆಗಳ ಚುರುಕು ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಮ್ಮೂರಿನ ಬೇಸಿಗೆಯಲ್ಲಿ ತಂಪಿನದೇ ದೊಡ್ಡ ಚಿಂತೆ. ಬಿಳಿ ವೈನ್ 8ರಿಂದ 10 ಡಿಗ್ರಿಯಲ್ಲಿದ್ದರೆ ಸೊಗಸು. 40 ಡಿಗ್ರಿ ದಾಟಿದ ಮಧ್ಯಾಹ್ನ ಲೋಟದಲ್ಲೇ ಅದು ಬೇಗ ಬೆಚ್ಚಗಾಗಿ ಸಪ್ಪೆಯೆನಿಸುತ್ತದೆ. ಅದಕ್ಕೆಂದೇ ಬಕೆಟ್ಟಿನಲ್ಲಿ ಮಂಜುಗಡ್ಡೆ, ನೀರು, ಒಂದು ಹಿಡಿ ಉಪ್ಪು ಹಾಕಿ ಬಾಟಲಿಯನ್ನು ಕತ್ತಿನವರೆಗೆ ಮುಳುಗಿಸಿಡುತ್ತೇನೆ ಮತ್ತು ಲೋಟಕ್ಕೆ ಸ್ವಲ್ಪ ಸ್ವಲ್ಪವೇ ಸುರಿಯುತ್ತೇನೆ. ಶೆನಿನ್ ತೆರೆದ ದಿನ ತಟ್ಟೆಯಲ್ಲಿ ನಿಂಬೆಹೋಳು ಇಡುವುದಿಲ್ಲ. ಮೀನಿನ ಹುಳಿ ವೈನಿನ ಹುಳಿಯನ್ನು ಮೀರಿದರೆ ವೈನ್ ನೀರಿನಂತಾಗುತ್ತದೆ.